ಇಂಗ್ಲಿಷಿನಲ್ಲಿ ಬಹುವಚನ ನಾಮಪದದ ಬಳಿಕ ಕ್ರಿಯಾವಿಶೇಷಣ ಪದಪುಂಜವನ್ನು ಇಡುವ ಬಗೆ

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದಾಗ ಒಂದು ವಾಕ್ಯದ ಮೇಲೆ ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು. ಶಾಲೆಯ ತೋಟದ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ ಎಂದು ಹೇಳಿದ್ದೆ. ವಿದ್ಯಾರ್ಥಿನಿಯೊಬ್ಬಳು “ದಿ ಇನ್ ದಿ ಗಾರ್ಡನ್ ಫ್ಲವರ್ಸ್ ಆರ್ ರೆಡ್” ಎಂದು ಬರೆದಿದ್ದಳು. ಪದಗಳೆಲ್ಲ ಸರಿಯಾಗಿದ್ದವು, ಬಹುವಚನದ ‘ಎಸ್’ ಇತ್ತು, ಅದಕ್ಕೆ ಹೊಂದುವಂತೆ ‘ಆರ್’ ಕೂಡ ಬಂದಿತ್ತು. ತಪ್ಪಿದ್ದುದು ಜಾಗ ಮಾತ್ರ. “ತೋಟದಲ್ಲಿರುವ ಹೂವುಗಳು ಕೆಂಪಾಗಿವೆ” ಎಂದು ಮನಸ್ಸಿನಲ್ಲಿ ಅಂದುಕೊಂಡು, ಆ ಸರದಿ ಕೆಡದ ಹಾಗೆ ಒಂದೊಂದೇ ಇಂಗ್ಲಿಷ್ ಪದವನ್ನು ಅವಳು ಜೋಡಿಸಿದ್ದಳು. ಅವಳಿಗೆ ವ್ಯಾಕರಣ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯವಾಗುತ್ತದೆ. ಕನ್ನಡದ ವ್ಯಾಕರಣ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅಂದಿನಿಂದ ನಾನು ಈ ಪಾಠವನ್ನು ಇಂಗ್ಲಿಷಿನ ನಿಯಮದಿಂದ ಆರಂಭಿಸುವುದನ್ನು ಬಿಟ್ಟು, ಕನ್ನಡದಿಂದಲೇ ಆರಂಭಿಸುತ್ತಿದ್ದೇನೆ. ಈ ಬರಹದ ದಾರಿಯೂ ಅದೇ.

ಮೇಲೆ ಮತ್ತು ಮೇಲಿನ

“ಮೇಜಿನ ಮೇಲೆ” ಮತ್ತು “ಮೇಜಿನ ಮೇಲಿನ” ಎಂಬ ಎರಡು ಪದಪುಂಜಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ. “ಅವಳು ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟಳು” ಎಂಬಲ್ಲಿ ‘ಮೇಲೆ’ ಎಂಬುದು ಇಡುವ ಕೆಲಸಕ್ಕೆ ಸೇರಿದೆ. ಎಲ್ಲಿ ಇಟ್ಟಳು ಎಂಬ ಪ್ರಶ್ನೆಗೆ ಅದು ಉತ್ತರ. “ಅವಳು ಮೇಜಿನ ಮೇಲಿನ ಪುಸ್ತಕಗಳನ್ನು ಮಾರಿದಳು” ಎಂಬಲ್ಲಿ ‘ಮೇಲಿನ’ ಎಂಬುದು ಪುಸ್ತಕಗಳಿಗೆ ಸೇರಿದೆ. ಯಾವ ಪುಸ್ತಕಗಳು ಎಂಬುದಕ್ಕೆ ಉತ್ತರ. ಕನ್ನಡದಲ್ಲಿ ಈ ಎರಡನ್ನು ಬೆರೆಸುವ ಸಾಧ್ಯತೆಯೇ ಇಲ್ಲ, ಏಕೆಂದರೆ ಪದದ ಕೊನೆಯ ರೂಪವೇ ಬೇರೆ. ಒಳಗೆ ಮತ್ತು ಒಳಗಿನ, ಹೊರಗೆ ಮತ್ತು ಹೊರಗಿನ, ಮುಂದೆ ಮತ್ತು ಮುಂದಿನ, ಇಲ್ಲಿ ಮತ್ತು ಇಲ್ಲಿಯ, ನಿನ್ನೆ ಮತ್ತು ನಿನ್ನೆಯ, ಊರಿನಲ್ಲಿ ಮತ್ತು ಊರಿನಲ್ಲಿರುವ: ಈ ಜೋಡಿಗಳನ್ನು ಯಾರೂ ನಮಗೆ ಕಲಿಸಲಿಲ್ಲ, ಆದರೂ ನಾವು ಎಂದೂ ತಪ್ಪುವುದಿಲ್ಲ.

ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ರೂಪ. “ಶಿ ಪುಟ್ ದಿ ಬುಕ್ಸ್ ಆನ್ ದಿ ಟೇಬಲ್” ಮತ್ತು “ಶಿ ಸೋಲ್ಡ್ ದಿ ಬುಕ್ಸ್ ಆನ್ ದಿ ಟೇಬಲ್” ಎಂಬ ವಾಕ್ಯಗಳಲ್ಲಿ ‘ಆನ್ ದಿ ಟೇಬಲ್’ ಎಂಬುದು ಅಕ್ಷರವೂ ಬದಲಾಗದೆ ‘ಬುಕ್ಸ್’ ಎಂಬ ಬಹುವಚನದ ಬಳಿಕವೇ ಬಂದು ಕೂರುತ್ತದೆ. ಮೊದಲನೆಯದರಲ್ಲಿ ಅದು ಕ್ರಿಯಾಪದದ ಒಡನಾಡಿಯಾಗಿ ಕ್ರಿಯಾವಿಶೇಷಣದ ಕೆಲಸ ಮಾಡುತ್ತದೆ; ಎರಡನೆಯದರಲ್ಲಿ ನಾಮಪದಕ್ಕೆ ಅಂಟಿಕೊಂಡು ವಿಶೇಷಣದ ಕೆಲಸ ಮಾಡುತ್ತದೆ. ಶಾಲೆಯ ವ್ಯಾಕರಣ ಪುಸ್ತಕಗಳು ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದರಿಂದ, ನೋಡುವುದಕ್ಕೆ ಒಂದೇ ಆದ ಪದಪುಂಜ ಎರಡು ಕೆಲಸ ಮಾಡುತ್ತದೆ ಎಂಬ ಸಂಗತಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಮೊದಲ ಹೆಜ್ಜೆ ಇದು. ಇಂಗ್ಲಿಷ್ ವಾಕ್ಯ ಬರೆಯುವ ಮುನ್ನ ನಿಮ್ಮ ಮನಸ್ಸಿನಲ್ಲಿರುವ ಕನ್ನಡ ಪದಪುಂಜದ ಕೊನೆಯನ್ನು ನೋಡಿ. ಅದು ‘ಇನ’, ‘ಅದ’, ‘ಇರುವ’, ‘ಬಂದ’, ‘ಆಡುವ’ ಎಂಬಂತೆ ಮುಂದಿನ ನಾಮಪದಕ್ಕೆ ಕೈಚಾಚುತ್ತಿದ್ದರೆ, ಇಂಗ್ಲಿಷಿನಲ್ಲಿ ಮೊದಲು ನಾಮಪದವನ್ನು ಬರೆದು, ಅದಕ್ಕೆ ಬಹುವಚನದ ಗುರುತು ಸೇರಿಸಿ, ಆಮೇಲೆ ಒಂದು ಪದವೂ ನಡುವೆ ನುಗ್ಗದಂತೆ ಆ ಪದಪುಂಜವನ್ನು ಇಡಬೇಕು. ಅದು ‘ಎ’, ‘ಅಲ್ಲಿ’, ‘ಇಂದ’, ‘ಆಗಿ’ ಎಂದು ಮುಗಿದು ಕ್ರಿಯಾಪದದ ಕಡೆಗೆ ಮುಖಮಾಡಿದ್ದರೆ, ಅದರ ಜಾಗವನ್ನು ಕ್ರಿಯಾಪದ ನಿರ್ಧರಿಸುತ್ತದೆ. ಈ ಒಂದು ಪರೀಕ್ಷೆ ಕೈವಶವಾದರೆ ಮುಂದಿನದರಲ್ಲಿ ಅರ್ಧ ಕೆಲಸ ಮುಗಿದಂತೆ.

ಖಚಿತಪಡಿಸಿಕೊಳ್ಳಲು ಇಂಗ್ಲಿಷಿನ ಒಳಗೇ ಇನ್ನೊಂದು ಪರೀಕ್ಷೆ ಇದೆ. ಬಹುವಚನ ನಾಮಪದದ ಬದಲು ‘ದೆಮ್’ ಎಂಬ ಸರ್ವನಾಮವನ್ನು ಇಟ್ಟು ನೋಡಿ. “ಶಿ ಪುಟ್ ದೆಮ್ ಆನ್ ದಿ ಟೇಬಲ್” ಎಂದಾಗ ಪದಪುಂಜ ಹೊರಗೇ ಉಳಿಯುತ್ತದೆ, ಅದಿಲ್ಲದೆ ವಾಕ್ಯವೇ ನಿಲ್ಲುವುದಿಲ್ಲ. ಮಾರಿದ ಪುಸ್ತಕಗಳ ವಾಕ್ಯ ಮಾತ್ರ “ಶಿ ಸೋಲ್ಡ್ ದೆಮ್” ಎಂದಷ್ಟೇ ಆಗುತ್ತದೆ. ‘ಆನ್ ದಿ ಟೇಬಲ್’ ಎಂಬುದು ಸರ್ವನಾಮದ ಹೊಟ್ಟೆಯೊಳಗೆ ಸೇರಿಹೋಗುತ್ತದೆ. ಸೇರಿಹೋಗುವುದು ನಾಮಪದದ ಸ್ವತ್ತು, ಹೊರಗೆ ಉಳಿಯುವುದು ಕ್ರಿಯಾಪದದ ಸ್ವತ್ತು.

ನಾಮಪದಕ್ಕೆ ಸೇರಿದ ಪದಪುಂಜ

“ಕಿಟಕಿಯ ಪಕ್ಕದ ಕುರ್ಚಿಗಳು” ಎಂಬುದು “ದಿ ಚೇರ್ಸ್ ಬೈ ದಿ ವಿಂಡೋ” ಆಗುತ್ತದೆ. “ಮೈದಾನದಲ್ಲಿ ಆಡುತ್ತಿರುವ ಮಕ್ಕಳು” ಎಂಬುದು “ದಿ ಚಿಲ್ಡ್ರನ್ ಪ್ಲೇಯಿಂಗ್ ಇನ್ ದಿ ಫೀಲ್ಡ್” ಆಗುತ್ತದೆ. ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಿ: ಕನ್ನಡದಲ್ಲಿ ಮೈದಾನ, ಆಟ, ಮಕ್ಕಳು ಎಂಬ ಕ್ರಮವಿದ್ದರೆ ಇಂಗ್ಲಿಷಿನಲ್ಲಿ ಮಕ್ಕಳು, ಆಟ, ಮೈದಾನ ಎಂಬ ಕ್ರಮವಿದೆ. ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಸಾಲು ತಿರುಗಿದೆ. ಕನ್ನಡದಲ್ಲಿ ಕೇಳುಗ ಕಡೆಯವರೆಗೆ ಕಾದು ಮಕ್ಕಳನ್ನು ಕಾಣುತ್ತಾನೆ. ಇಂಗ್ಲಿಷಿನ ಕೇಳುಗ ಮಕ್ಕಳನ್ನು ಮೊದಲೇ ಕಂಡು, ಯಾವ ಮಕ್ಕಳು ಎಂಬುದನ್ನು ಆಮೇಲೆ ತಿಳಿಯುತ್ತಾನೆ. ಆದ್ದರಿಂದ ಅನುವಾದಿಸುವಾಗ ಕನ್ನಡ ಪದಪುಂಜವನ್ನು ಬಲತುದಿಯಿಂದ ಎಡಕ್ಕೆ ಓದಿಕೊಳ್ಳುವುದು ನಿಜಕ್ಕೂ ಉಪಯೋಗಕ್ಕೆ ಬರುವ ಅಭ್ಯಾಸ.

ಒಂದೇ ಪದದ ಕ್ರಿಯಾವಿಶೇಷಣಗಳಲ್ಲಿ ಕೆಲವು ಮಾತ್ರ ಹೀಗೆ ಬಹುವಚನ ನಾಮಪದದ ಬೆನ್ನಿಗೇ ನಿಲ್ಲುತ್ತವೆ. ಅವು ಬಹುಪಾಲು ಸ್ಥಳವನ್ನೋ ದಿಕ್ಕನ್ನೋ ಹೇಳುವಂಥವು. “ದಿ ಪೀಪಲ್ ಹಿಯರ್” ಎಂದರೆ ಇಲ್ಲಿಯ ಜನ, “ದಿ ರೂಮ್ಸ್ ಅಪ್‌ಸ್ಟೇರ್ಸ್” ಎಂದರೆ ಮಹಡಿಯ ಕೋಣೆಗಳು, “ದಿ ಹೌಸಸ್ ಆಪೋಸಿಟ್” ಎಂದರೆ ಎದುರು ಸಾಲಿನ ಮನೆಗಳು, “ದಿ ಡೇಸ್ ಅಹೆಡ್” ಎಂದರೆ ಮುಂದಿನ ದಿನಗಳು, “ಕನ್ನಡಿಗಾಸ್ ಅಬ್ರಾಡ್” ಎಂದರೆ ಹೊರನಾಡಿನ, ಅಂದರೆ ವಿದೇಶಗಳಲ್ಲಿರುವ ಕನ್ನಡಿಗರು. ಈ ಬಗೆಯ ಪದಗಳಲ್ಲಿ ‘ನಿಯರ್‌ಬೈ’, ‘ಅಪ್‌ಸ್ಟೇರ್ಸ್’ ಮೊದಲಾದವು ನಾಮಪದದ ಮುಂಚೆಯೂ ಬರಬಲ್ಲವು. “ದಿ ನಿಯರ್‌ಬೈ ಶಾಪ್ಸ್” ಸರಿಯಾದ ಇಂಗ್ಲಿಷೇ. ಆದರೆ “ದಿ ಹಿಯರ್ ಪೀಪಲ್”, “ದಿ ಅಹೆಡ್ ಡೇಸ್”, “ಅಬ್ರಾಡ್ ಕನ್ನಡಿಗಾಸ್” ಎನ್ನುವಂತಿಲ್ಲ. ಸಂಶಯ ಬಂದಾಗ ನಾಮಪದದ ಬಳಿಕ ಇಡುವುದೇ ಕ್ಷೇಮ, ಏಕೆಂದರೆ ಆ ಜಾಗ ಇವೆಲ್ಲಕ್ಕೂ ಸಲ್ಲುತ್ತದೆ.

ಕಾಲವನ್ನು ಹೇಳುವ ಪದಗಳಲ್ಲಿ ಒಂದು ಸೂಕ್ಷ್ಮವಿದೆ. ನಾಮಪದವು ನಡೆಯುವಂಥ ಸಂಗತಿಯನ್ನು ಹೇಳುತ್ತಿದ್ದರೆ, ಅಂದರೆ ತರಗತಿ, ಸಭೆ, ಚರ್ಚೆ, ಪರೀಕ್ಷೆ ಎಂಬಂಥದ್ದಾಗಿದ್ದರೆ, ಕಾಲವಾಚಕ ನೇರವಾಗಿ ಅದರ ಬಳಿಕ ಬರುತ್ತದೆ: “ದಿ ಮೀಟಿಂಗ್ಸ್ ಲಾಸ್ಟ್ ವೀಕ್ ವರ್ ಲಾಂಗ್.” ನಾಮಪದವು ಮನುಷ್ಯರನ್ನೋ ವಸ್ತುಗಳನ್ನೋ ಹೇಳುತ್ತಿದ್ದರೆ ಹಾಗೆ ಅಂಟಿಸಿದಾಗ ವಾಕ್ಯ ಕುಂಟುತ್ತದೆ. “ನಿನ್ನೆಯ ಅತಿಥಿಗಳು” ಎನ್ನಲು “ದಿ ಗೆಸ್ಟ್ಸ್ ಯೆಸ್ಟರ್‌ಡೇ” ಎಂದು ಬರೆಯುವ ಬದಲು, “ದಿ ಗೆಸ್ಟ್ಸ್ ಹೂ ಕೇಮ್ ಯೆಸ್ಟರ್‌ಡೇ” ಎಂದು ಉಪವಾಕ್ಯವನ್ನೇ ಬರೆಯಬೇಕು. ಕನ್ನಡದಲ್ಲಿಯೂ “ನಿನ್ನೆ ಬಂದ ಅತಿಥಿಗಳು” ಎಂಬುದು ಹೆಚ್ಚು ಸ್ಪಷ್ಟ. ಆ ‘ಬಂದ’ ಎಂಬುದೇ ಇಂಗ್ಲಿಷಿನ ‘ಹೂ ಕೇಮ್’.

ನಾಮಪದವನ್ನೇ ನುಂಗಿಕೊಂಡ ರೂಪಗಳು ಕನ್ನಡದಲ್ಲಿ ಹೇರಳವಾಗಿವೆ: ಒಳಗಿನವರು, ಸಾಲಿನಲ್ಲಿರುವವರು, ಮೇಲಿನವು. ಇವನ್ನು ಇಂಗ್ಲಿಷಿಗೆ ತರುವಾಗ ‘ದೋಸ್’ ಅಥವಾ ‘ದಿ ಒನ್ಸ್’ ಎಂಬ ಬಹುವಚನವನ್ನು ಮೊದಲಿಟ್ಟು ಪದಪುಂಜವನ್ನು ಹಿಂಬಾಲಿಸಲು ಬಿಡಬೇಕು: “ದೋಸ್ ಇನ್‌ಸೈಡ್”, “ದೋಸ್ ಇನ್ ದಿ ಕ್ಯೂ”, “ದಿ ಒನ್ಸ್ ಆನ್ ಟಾಪ್”.

ಯಾವ ಪ್ರಿಪೊಸಿಷನ್, ಅಂದರೆ ‘ಆನ್’, ‘ಇನ್’, ‘ಟು’ ಎಂಬಂಥ ಸಂಬಂಧ ತೋರಿಸುವ ಪದ, ಬಳಸಬೇಕು ಎಂಬ ತೊಡಕೂ ಇಲ್ಲಿಯೇ ಹುಟ್ಟುತ್ತದೆ. ಕನ್ನಡದ ಷಷ್ಠೀ ವಿಭಕ್ತಿ ಬಹಳ ಉದಾರಿ; ‘ಕೋಣೆಯ ಬೀಗದ ಕೈಗಳು’, ‘ಪ್ರಶ್ನೆಗಳ ಉತ್ತರಗಳು’, ‘ವಿಳಂಬದ ಕಾರಣಗಳು’, ‘ಹಂಪಿಯ ಪ್ರವಾಸಿಗರು’ ಎಂದು ಎಲ್ಲ ಸಂಬಂಧಗಳನ್ನೂ ಅದೊಂದೇ ನಿಭಾಯಿಸುತ್ತದೆ. ಅದನ್ನು ನಂಬಿ ಎಲ್ಲ ಕಡೆ ‘ಆಫ್’ ಹಾಕಿದರೆ ಇಂಗ್ಲಿಷ್ ಒಪ್ಪುವುದಿಲ್ಲ. “ಕೀಸ್ ಟು ದಿ ರೂಮ್”, “ಆನ್ಸರ್ಸ್ ಟು ದಿ ಕ್ವೆಶ್ಚನ್ಸ್”, “ರೀಸನ್ಸ್ ಫಾರ್ ದಿ ಡಿಲೇ”, “ವಿಸಿಟರ್ಸ್ ಟು ಹಂಪಿ” ಎಂದು ಒಂದೊಂದು ನಾಮಪದಕ್ಕೂ ಅದರದೇ ಜೊತೆಗಾರನಿದ್ದಾನೆ. ಇದಕ್ಕೆ ಸೂತ್ರ ಹುಡುಕುತ್ತ ಹೊತ್ತು ಕಳೆಯುವುದಕ್ಕಿಂತ, ಹೊಸ ನಾಮಪದವನ್ನು ಕಲಿಯುವಾಗಲೇ ಅದರ ಪ್ರಿಪೊಸಿಷನ್ನನ್ನು ಸೇರಿಸಿ ಒಂದೇ ಪದವೆಂಬಂತೆ ಬರೆದಿಟ್ಟುಕೊಳ್ಳುವುದು ಲೇಸು.

ಪದಪುಂಜ ನಡುವೆ ಬಂದಾಗ ಕ್ರಿಯಾಪದ

ಈಗ ನಾವು ನಿಜವಾಗಿ ಎಡವುವ ಜಾಗಕ್ಕೆ ಬಂದೆವು. “ಬೀರುವಿನ ಬೀಗದ ಕೈಗಳು ಅಮ್ಮನ ಹತ್ತಿರ ಇವೆ” ಎಂಬ ವಾಕ್ಯದಲ್ಲಿ ‘ಬೀರು’ ಎಂಬ ಏಕವಚನ ಮೊದಲೇ ಬಂದು ಹೋಗಿರುತ್ತದೆ. ಕೈಗಳಿಗೂ ‘ಇವೆ’ ಎಂಬುದಕ್ಕೂ ನಡುವೆ ಬೀರು ತಲೆಹಾಕುವುದಿಲ್ಲ. ಇಂಗ್ಲಿಷಿನಲ್ಲಿ ಪದಪುಂಜ ನಾಮಪದದ ಬಳಿಕ ಬರುವುದರಿಂದಲೇ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಇನ್ನೊಂದು ನಾಮಪದ ಬಂದು ನಿಲ್ಲುತ್ತದೆ: “ದಿ ಕೀಸ್ ಟು ದಿ ಕಬರ್ಡ್ ಆರ್ ವಿತ್ ಅಮ್ಮ.” ಕಣ್ಣು ‘ಕಬರ್ಡ್’ ಎಂಬ ಏಕವಚನವನ್ನು ಕಂಡು, ಕೈ ತಾನಾಗಿ ‘ಈಸ್’ ಎಂದು ಬರೆದುಬಿಡುತ್ತದೆ. ಇದು ಕನ್ನಡಿಗರ ದೌರ್ಬಲ್ಯ ಮಾತ್ರವಲ್ಲ; ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರೂ ಇಲ್ಲಿ ಮುಗ್ಗರಿಸುತ್ತಾರೆ. ಆದರೆ ನಮಗೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಆಡುಮಾತಿನಲ್ಲಿ ನಾವು “ಹತ್ತು ಪುಸ್ತಕ ಇದೆ”, “ಎಲೆಗಳು ಬಿದ್ದಿದೆ” ಎಂದು ನಪುಂಸಕ ಲಿಂಗದ ಬಹುವಚನಕ್ಕೆ ಏಕವಚನದ ಕ್ರಿಯಾಪದವನ್ನು ಸಲೀಸಾಗಿ ಬಳಸುತ್ತೇವೆ. ಬರಹದಲ್ಲಿ ‘ಇವೆ’, ‘ಬಿದ್ದಿವೆ’ ಎಂದು ತಿದ್ದಿಕೊಂಡರೂ ಆಡುಮಾತಿನ ಆ ಸಡಿಲಿಕೆ ಇಂಗ್ಲಿಷಿಗೆ ಸದ್ದಿಲ್ಲದೆ ಜೊತೆಗೆ ಬರುತ್ತದೆ. ಸಂಖ್ಯೆಯ ಜೊತೆ ‘ಗಳು’ ಬೇಡವಾಗುವ ನಮ್ಮ ರೂಢಿಯಿಂದ “ಟೆನ್ ಬುಕ್” ಎಂದು ಬರೆಯುವುದೂ ಇದೇ ಬಗೆಯದು.

ತಿದ್ದುವ ವಿಧಾನ ಸರಳವಾಗಿದೆ, ಆದರೆ ಪ್ರತಿ ಸಲವೂ ಮಾಡಬೇಕು. ವಾಕ್ಯ ಬರೆದ ಮೇಲೆ ನಾಮಪದದ ಬಳಿಕದ ಪದಪುಂಜವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿ. “ದಿ ಲೀವ್ಸ್ ಆನ್ ದಟ್ ಓಲ್ಡ್ ನೀಮ್ ಟ್ರೀ ಆರ್ ಫಾಲಿಂಗ್” ಎಂಬಲ್ಲಿ ನಡುವಿನದನ್ನು ಮುಚ್ಚಿದರೆ “ದಿ ಲೀವ್ಸ್ ಆರ್ ಫಾಲಿಂಗ್” ಉಳಿಯುತ್ತದೆ. ‘ಈಸ್’ ಎಂದು ಬರೆದಿದ್ದರೆ ತಪ್ಪು ಕೂಡಲೇ ಕಿವಿಗೆ ತಟ್ಟುತ್ತದೆ. ತಿರುಗಾ ಮುರುಗಾ ಸನ್ನಿವೇಶಕ್ಕೂ ಇದೇ ಉಪಾಯ. “ದಿ ಲಿಸ್ಟ್ ಆಫ್ ನೇಮ್ಸ್ ಈಸ್ ಆನ್ ದಿ ನೋಟಿಸ್ ಬೋರ್ಡ್” ಎಂಬಲ್ಲಿ ಬಹುವಚನವಿರುವುದು ಪದಪುಂಜದೊಳಗೆ. ಮುಚ್ಚಿದಾಗ ಉಳಿಯುವ ‘ಲಿಸ್ಟ್’ ಏಕವಚನ, ಆದ್ದರಿಂದ ‘ಈಸ್’.

“ಹುಡುಗರಲ್ಲಿ ಒಬ್ಬನು ಬಂದಿದ್ದಾನೆ” ಎಂದು ಹೇಳುವಾಗ ಕನ್ನಡದಲ್ಲಿ ಯಾರೂ “ಬಂದಿದ್ದಾರೆ” ಎನ್ನುವುದಿಲ್ಲ, ಏಕೆಂದರೆ ‘ಒಬ್ಬನು’ ಎಂಬುದು ಕ್ರಿಯಾಪದದ ಪಕ್ಕದಲ್ಲೇ ಇದೆ. “ಒನ್ ಆಫ್ ದಿ ಬಾಯ್ಸ್ ಹ್ಯಾಸ್ ಕಮ್” ಎಂಬಲ್ಲಿ ಪಕ್ಕದಲ್ಲಿರುವುದು ‘ಬಾಯ್ಸ್’, ಹಾಗಾಗಿ ‘ಹ್ಯಾವ್’ ಬರೆಯುವ ಪ್ರಲೋಭನೆ. ಅರ್ಜಿಗಳಲ್ಲಿಯೂ ಪತ್ರಗಳಲ್ಲಿಯೂ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. “ದಿ ನಂಬರ್ ಆಫ್ ಸ್ಟೂಡೆಂಟ್ಸ್” ಎಂದಾಗ ಮಾತು ಸಂಖ್ಯೆಯ ಬಗ್ಗೆ, ಆದ್ದರಿಂದ ಏಕವಚನ. “ಎ ನಂಬರ್ ಆಫ್ ಸ್ಟೂಡೆಂಟ್ಸ್” ಎಂದಾಗ ಅದು ‘ಹಲವು ವಿದ್ಯಾರ್ಥಿಗಳು’ ಎಂಬುದರ ಇನ್ನೊಂದು ರೂಪ, ಆದ್ದರಿಂದ ಬಹುವಚನ. ‘ಈಚ್’ ಎಂಬ ಪದವೂ ಜಾಗ ಬದಲಿಸಿದಾಗ ವಚನ ಬದಲಾಗುತ್ತದೆ: “ಈಚ್ ಆಫ್ ದಿ ಗರ್ಲ್ಸ್ ಹ್ಯಾಸ್ ಎ ಲ್ಯಾಂಪ್” ಎಂಬುದರಲ್ಲಿ ‘ಈಚ್’ ಎಂಬುದೇ ಕರ್ತೃ, “ದಿ ಗರ್ಲ್ಸ್ ಈಚ್ ಹ್ಯಾವ್ ಎ ಲ್ಯಾಂಪ್” ಎಂಬುದರಲ್ಲಿ ಅದು ಬಹುವಚನದ ಬಳಿಕ ಬಂದ ಸಹಾಯಕ ಪದವಷ್ಟೇ, ಕರ್ತೃ ‘ಗರ್ಲ್ಸ್’.

ಒಂದು ಮಾತು ಅಲ್ಪವಿರಾಮದ ಬಗ್ಗೆ. ಪದಪುಂಜ ಉದ್ದವಾಯಿತೆಂದು ಅದರ ಕೊನೆಗೆ, ಕ್ರಿಯಾಪದದ ಮುಂಚೆ, ಒಂದೇ ಒಂದು ಅಲ್ಪವಿರಾಮ ಹಾಕುವವರು ಬಹಳ. ಕನ್ನಡದ ಉದ್ದನೆಯ ವಾಕ್ಯಗಳಲ್ಲಿ ಉಸಿರಿಗಾಗಿ ಹಾಗೆ ಹಾಕುವುದುಂಟು. ಇಂಗ್ಲಿಷ್ ಬರಹದಲ್ಲಿ ಕರ್ತೃವನ್ನು ಅದರ ಕ್ರಿಯಾಪದದಿಂದ ಹೀಗೆ ಕತ್ತರಿಸುವುದು ತಪ್ಪು.

ಕ್ರಿಯಾಪದಕ್ಕೆ ಸೇರಿದ ಪದಪುಂಜ

ಬಹುವಚನ ನಾಮಪದದ ಬಳಿಕ ಬಂದರೂ ಅದಕ್ಕೆ ಸೇರದ ಪದಗಳಿವೆ. “ದಿ ಬಾಯ್ಸ್ ಕ್ವಿಕ್ಲಿ ಹಿಡ್ ದಿ ಬಾಲ್” ಎಂಬಲ್ಲಿ ‘ಕ್ವಿಕ್ಲಿ’ ಹುಡುಗರ ಪಕ್ಕದಲ್ಲಿದ್ದರೂ ಅದರ ನಂಟು ಬಚ್ಚಿಟ್ಟ ಕೆಲಸದೊಂದಿಗೆ. ಕನ್ನಡದ ಪರೀಕ್ಷೆ ಇಲ್ಲಿಯೂ ಒದಗುತ್ತದೆ: ‘ಬೇಗನೆ’ ಎಂಬ ಅರ್ಥವಿದ್ದರೆ ಕ್ರಿಯಾವಿಶೇಷಣ, ‘ಚುರುಕಾದ’ ಎಂಬ ಅರ್ಥವಿದ್ದರೆ ವಿಶೇಷಣ, ಆಗ “ದಿ ಕ್ವಿಕ್ ಬಾಯ್ಸ್” ಎಂದು ನಾಮಪದದ ಮುಂಚೆ. ಯಾವಾಗಲೂ, ಸಾಮಾನ್ಯವಾಗಿ, ಆಗಾಗ, ಎಂದಿಗೂ ಇಲ್ಲ ಎಂಬ ಅರ್ಥದ ‘ಆಲ್ವೇಸ್’, ‘ಯೂಶುವಲಿ’, ‘ಆಫನ್’, ‘ನೆವರ್’ ಎಂಬ ಪದಗಳು ಕರ್ತೃವಿನ ಬಳಿಕ, ಮುಖ್ಯ ಕ್ರಿಯಾಪದದ ಮುಂಚೆ ಬರುತ್ತವೆ: “ದಿ ಬಾಯ್ಸ್ ಆಫನ್ ಕಮ್ ಲೇಟ್.” ಕ್ರಿಯಾಪದವು ‘ಆರ್’ ಅಥವಾ ‘ವರ್’ ಆಗಿದ್ದರೆ ಸಾಮಾನ್ಯವಾಗಿ ಅದರ ಬಳಿಕ ಬರುತ್ತವೆ: “ದಿ ಬಾಯ್ಸ್ ಆರ್ ಆಫನ್ ಲೇಟ್.” ನಡುವೆ ‘ಆಫನ್’ ನುಸುಳಿತೆಂಬ ಕಾರಣಕ್ಕೆ ‘ಕಮ್’ ಎಂಬುದು ‘ಕಮ್ಸ್’ ಆಗುವುದಿಲ್ಲ, ಕರ್ತೃ ಬಹುವಚನವಾಗಿಯೇ ಇದೆ.

ಬಹುವಚನ ನಾಮಪದ ಕರ್ಮವಾಗಿದ್ದಾಗ ನಿಯಮ ಇನ್ನಷ್ಟು ಬಿಗಿ. “ಅಜ್ಜಿ ಕಾಗದಗಳನ್ನು ನಿಧಾನವಾಗಿ ಓದಿದಳು” ಎಂದಾಗ ‘ನಿಧಾನವಾಗಿ’ ಎಂಬುದು ಓದಿಗೆ ಅಂಟಿಕೊಂಡಿರುವುದನ್ನು ಕಂಡು, “ಗ್ರ್ಯಾಂಡ್‌ಮದರ್ ರೆಡ್ ಸ್ಲೋಲಿ ದಿ ಲೆಟರ್ಸ್” ಎಂದು ಬರೆಯುವವರಿದ್ದಾರೆ. ಇಂಗ್ಲಿಷಿನಲ್ಲಿ ಕ್ರಿಯಾಪದವೂ ಅದರ ಕರ್ಮವೂ ಅಕ್ಕಪಕ್ಕ ಇರಬೇಕು, ಕ್ರಿಯಾವಿಶೇಷಣ ಕ್ರಿಯಾಪದದ ಮುಂಚೆಯೋ ಬಹುವಚನ ನಾಮಪದದ ಬಳಿಕವೋ ಬರಬೇಕು: “ಗ್ರ್ಯಾಂಡ್‌ಮದರ್ ರೆಡ್ ದಿ ಲೆಟರ್ಸ್ ಸ್ಲೋಲಿ.” ಕರ್ಮವೇ ತುಂಬ ಉದ್ದವಾದಾಗ ಮಾತ್ರ ಈ ಬಿಗಿ ಸಡಿಲುತ್ತದೆ. “ಮಗ ದೆಹಲಿಯಿಂದ ಬರೆದ ಕಾಗದಗಳನ್ನೆಲ್ಲ” ಎಂಬಷ್ಟು ಉದ್ದದ ಕರ್ಮವಿದ್ದರೆ, ಅದರ ಬಾಲಕ್ಕೆ ಕಟ್ಟಿದ ‘ಸ್ಲೋಲಿ’ ಓದುಗನಿಗೆ ಸಿಗುವ ಹೊತ್ತಿಗೆ ತನ್ನ ಕ್ರಿಯಾಪದದಿಂದ ದೂರವಾಗಿರುತ್ತದೆ. ಆಗ “ಶಿ ರೆಡ್ ಸ್ಲೋಲಿ ಆಲ್ ದಿ ಲೆಟರ್ಸ್ ಹರ್ ಸನ್ ಹ್ಯಾಡ್ ರಿಟನ್ ಫ್ರಮ್ ಡೆಲ್ಲಿ” ಎಂಬುದು ಒಪ್ಪುವ ವಾಕ್ಯವಾಗುತ್ತದೆ.

ಒಂದಕ್ಕಿಂತ ಹೆಚ್ಚು ಕ್ರಿಯಾವಿಶೇಷಣಗಳು ಸಾಲುಗಟ್ಟಿದಾಗ ಕನ್ನಡಿಯ ಮಾತು ಮತ್ತೆ ನೆನಪಿಗೆ ಬರಬೇಕು. “ಆನೆಗಳು ವಿಜಯದಶಮಿಯಂದು ಮೈಸೂರಿನ ಬೀದಿಗಳಲ್ಲಿ ನಿಧಾನವಾಗಿ ನಡೆದವು.” ಇಲ್ಲಿ ಕಾಲ, ಸ್ಥಳ, ರೀತಿ, ಕಡೆಗೆ ಕ್ರಿಯಾಪದ. ಇಂಗ್ಲಿಷಿನಲ್ಲಿ: “ದಿ ಎಲಿಫೆಂಟ್ಸ್ ವಾಕ್ಡ್ ಸ್ಲೋಲಿ ಥ್ರೂ ದಿ ಸ್ಟ್ರೀಟ್ಸ್ ಆಫ್ ಮೈಸೂರು ಆನ್ ವಿಜಯದಶಮಿ.” ಕ್ರಿಯಾಪದ, ರೀತಿ, ಸ್ಥಳ, ಕಾಲ. ಕರ್ತೃವೊಂದನ್ನು ಅದರ ಜಾಗದಲ್ಲೇ ಬಿಟ್ಟು, ಉಳಿದ ನಾಲ್ಕನ್ನೂ ಹಿಂದುಮುಂದಾಗಿ ಜೋಡಿಸಿದರೆ ಇಂಗ್ಲಿಷ್ ವಾಕ್ಯ ಸಿದ್ಧ. ಎರಡು ಭಾಷೆಗಳಲ್ಲಿಯೂ ಕ್ರಿಯಾಪದಕ್ಕೆ ಅತಿ ಹತ್ತಿರ ಇರುವುದು ರೀತಿ, ಅತಿ ದೂರ ಇರುವುದು ಕಾಲ. ದಿಕ್ಕು ಮಾತ್ರ ಬೇರೆ. ಇದನ್ನು ಮೊದಲ ಬಾರಿ ಕರಿಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಬರೆದು, ನಡುವೆ ಬಾಣಗಳನ್ನು ಎಳೆದಾಗ ತರಗತಿಯಲ್ಲಿ ಉಂಟಾದ ಮೌನ ನನಗೆ ಇನ್ನೂ ನೆನಪಿದೆ. ಈ ಕ್ರಮ ಕಲ್ಲಿನಲ್ಲಿ ಕೊರೆದದ್ದಲ್ಲ. ಕಾಲಕ್ಕೆ ಒತ್ತು ಬೇಕಾದರೆ ಅದನ್ನು ವಾಕ್ಯದ ತಲೆಗೆ ತರಬಹುದು. ಆದರೆ ಒತ್ತು ಬೇಡದ ಸಾಮಾನ್ಯ ವಾಕ್ಯಕ್ಕೆ ಇದೇ ನಂಬಿಕಸ್ಥ ದಾರಿ.

ಎರಡರ್ಥ ಬಾರದಂತೆ ನೋಡಿಕೊಳ್ಳುವುದು

ಕನ್ನಡದ ‘ಮೇಲೆ’ ಮತ್ತು ‘ಮೇಲಿನ’ ಎಂಬ ವ್ಯತ್ಯಾಸ ಇಂಗ್ಲಿಷಿಗೆ ಇಲ್ಲದಿರುವುದರಿಂದ, ಬಹುವಚನ ಕರ್ಮದ ಬಳಿಕ ಬಂದ ಪದಪುಂಜ ಯಾರ ಕಡೆಯದು ಎಂಬುದು ಎಷ್ಟೋ ಸಲ ತಿಳಿಯುವುದಿಲ್ಲ. “ಐ ಫೋಟೋಗ್ರಾಫ್ಡ್ ದಿ ಮಂಕೀಸ್ ಆನ್ ದಿ ಟೆರೇಸ್” ಎಂದರೆ ತಾರಸಿಯ ಮೇಲಿದ್ದವರು ಯಾರು? ಕೋತಿಗಳೋ, ಕ್ಯಾಮೆರಾ ಹಿಡಿದ ನಾನೋ? ಬರೆದವನಿಗೆ ಗೊತ್ತಿರುತ್ತದೆ, ಓದುವವನಿಗೆ ಗೊತ್ತಾಗುವುದಿಲ್ಲ. “ದಿ ಪೊಲೀಸ್ ಕಾಟ್ ದಿ ಥೀವ್ಸ್ ವಿತ್ ದಿ ಟಾರ್ಚಸ್” ಎಂಬುದರಲ್ಲಿಯೂ ಟಾರ್ಚು ಯಾರ ಕೈಯಲ್ಲಿತ್ತು ಎಂಬುದು ಅಸ್ಪಷ್ಟ.

ಇಂಥ ವಾಕ್ಯ ಬಂದಾಗ, ಮೊದಲು ಅದನ್ನು ಕನ್ನಡದಲ್ಲಿ ಹೇಳಿಕೊಂಡು ನಿಮಗೆ ಬೇಕಾದದ್ದು ‘ಮೇಲಿನ’ ಎಂಬುದೋ ‘ಮೇಲೆ ನಿಂತು’ ಎಂಬುದೋ ಎಂದು ತೀರ್ಮಾನಿಸಿ. ‘ಮೇಲಿನ’ ಆಗಿದ್ದರೆ ಪದಪುಂಜವನ್ನು ಉಪವಾಕ್ಯವಾಗಿ ಬೆಳೆಸಿ: “ದಿ ಮಂಕೀಸ್ ದಟ್ ವರ್ ಸಿಟಿಂಗ್ ಆನ್ ದಿ ಟೆರೇಸ್.” ‘ನಿಂತು’ ಆಗಿದ್ದರೆ ಪದಪುಂಜವನ್ನು ಬಹುವಚನ ನಾಮಪದದ ನೆರೆಯಿಂದ ಎಬ್ಬಿಸಿ ವಾಕ್ಯದ ತಲೆಗೆ ಕಳಿಸಿ: “ಸ್ಟ್ಯಾಂಡಿಂಗ್ ಆನ್ ದಿ ಟೆರೇಸ್, ಐ ಫೋಟೋಗ್ರಾಫ್ಡ್ ದಿ ಮಂಕೀಸ್.” ಎರಡು ಬಹುವಚನಗಳು ಒಂದರ ಹಿಂದೊಂದು ಬಂದಾಗಲೂ ಇದೇ ಎಚ್ಚರ ಬೇಕು. “ದಿ ಪೇರೆಂಟ್ಸ್ ಆಫ್ ದಿ ಚಿಲ್ಡ್ರನ್ ಇನ್ ದಿ ಹಾಸ್ಟೆಲ್” ಎಂದಾಗ ಓದುಗ ಪದಪುಂಜವನ್ನು ಹತ್ತಿರದ ‘ಚಿಲ್ಡ್ರನ್’ ಜೊತೆಗೆ ಸೇರಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹಾಸ್ಟೆಲಿಗೆ ಬಂದು ಕುಳಿತವರು ತಂದೆತಾಯಿಯರಾಗಿದ್ದರೆ ವಾಕ್ಯವನ್ನೇ ಬೇರೆ ರೀತಿ ಕಟ್ಟಬೇಕು.

ಇನ್ನೊಂದು ಬಗೆಯ ಗೊಂದಲ ಎರಡು ಕ್ರಿಯಾಪದಗಳ ನಡುವೆ ಸಿಕ್ಕಿಬಿದ್ದ ಕ್ರಿಯಾವಿಶೇಷಣದ್ದು. “ಸ್ಟೂಡೆಂಟ್ಸ್ ಹೂ ಪ್ರ್ಯಾಕ್ಟೀಸ್ ಆಫನ್ ಸಕ್ಸೀಡ್” ಎಂಬುದು “ಆಗಾಗ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಗೆಲ್ಲುತ್ತಾರೆ” ಎಂದೂ ಆಗಬಹುದು, “ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಎಷ್ಟೋ ಸಲ ಗೆಲ್ಲುತ್ತಾರೆ” ಎಂದೂ ಆಗಬಹುದು. ಮೊದಲನೆಯದು ಬೇಕಿದ್ದರೆ “ಹೂ ಆಫನ್ ಪ್ರ್ಯಾಕ್ಟೀಸ್” ಎಂದು ಹಿಂದಕ್ಕೆ ಸರಿಸಿದರೆ ಸಾಕು.

‘ಓನ್ಲಿ’ ಮತ್ತು ಕೆಲವು ಜೋಡುಪದಗಳು

ಕನ್ನಡದ ‘ಮಾತ್ರ’ ನಾಮಪದದ ಬಳಿಕ ಬರುತ್ತದೆ: “ಹುಡುಗರು ಮಾತ್ರ ಬಂದರು.” ಇದನ್ನೇ ಹಿಡಿದು “ದಿ ಬಾಯ್ಸ್ ಓನ್ಲಿ ಕೇಮ್” ಎಂದರೆ, ಹುಡುಗರು ಬರುವುದನ್ನಷ್ಟೇ ಮಾಡಿದರು, ಬೇರೇನೂ ಮಾಡಲಿಲ್ಲ ಎಂಬ ಅರ್ಥ ಹೊಳೆಯಬಹುದು. ಬರಹದಲ್ಲಿ ‘ಓನ್ಲಿ’ಯನ್ನು ಅದು ಮಿತಿಗೊಳಿಸುವ ನಾಮಪದದ ಮುಂಚೆ ಇಡಬೇಕು: “ಓನ್ಲಿ ದಿ ಬಾಯ್ಸ್ ಕೇಮ್.” ಬಸ್ಸಿನ ಸೀಟಿನ ಮೇಲೆ “ಲೇಡೀಸ್ ಓನ್ಲಿ” ಎಂದು ಬರೆದಿರುತ್ತದಲ್ಲ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಫಲಕಗಳ ಭಾಷೆಯಲ್ಲಿ, ಕ್ರಿಯಾಪದವೇ ಇಲ್ಲದ ಕಡೆ, ‘ಓನ್ಲಿ’ ಬಹುವಚನದ ಬಳಿಕ ಬರುವುದು ರೂಢಿ. ಅಂಟಿಕೊಳ್ಳಲು ಬೇರೆ ಪದವೇ ಇಲ್ಲದ್ದರಿಂದ ಅಲ್ಲಿ ಅರ್ಥ ಕೆಡುವುದಿಲ್ಲ. ಬಳಿಕ ಬಂದೇ ‘ಮಾತ್ರ’ ಎಂಬ ಅರ್ಥ ಕೊಡುವ ಪದ ಬೇಕಿದ್ದರೆ ‘ಅಲೋನ್’ ಇದೆ: “ದಿ ಫಾರ್ಮರ್ಸ್ ಅಲೋನ್ ನೋ ದಿಸ್.”

ಕೆಲವು ಜೋಡುಪದಗಳಲ್ಲಿ ನಾಮಪದದ ಬಳಿಕದ ಪದಪುಂಜ ಗಟ್ಟಿಯಾಗಿ ಅಂಟಿಕೊಂಡು ಒಂದೇ ಪದವಾಗಿದೆ. ಆಗಲೂ ಬಹುವಚನದ ಗುರುತು ನಾಮಪದಕ್ಕೇ ಸೇರುತ್ತದೆ, ಬಾಲಕ್ಕಲ್ಲ. ದಾರಿಹೋಕರು ‘ಪಾಸರ್ಸ್-ಬೈ’, ಎರಡನೆಯ ಸ್ಥಾನ ಪಡೆದವರು ‘ರನ್ನರ್ಸ್-ಅಪ್’, ಅತ್ತೆಯಂದಿರು ‘ಮದರ್ಸ್-ಇನ್-ಲಾ’, ಮಹಾದಂಡನಾಯಕರು ‘ಕಮಾಂಡರ್ಸ್-ಇನ್-ಚೀಫ್’. ಪದಪುಂಜ ನಾಮಪದದ ಮುಂಚೆ ಹೋದರೆ ಪರಿಸ್ಥಿತಿ ತಿರುಗುತ್ತದೆ. ‘ಬಾಯ್ಸ್ ಆಫ್ ಟ್ವೆಲ್ವ್ ಇಯರ್ಸ್’ ಎಂಬಲ್ಲಿದ್ದ ‘ಇಯರ್ಸ್’, ಮುಂಚೆ ಬಂದಾಗ ‘ಟ್ವೆಲ್ವ್-ಇಯರ್-ಓಲ್ಡ್ ಬಾಯ್ಸ್’ ಎಂದು ತನ್ನ ‘ಎಸ್’ ಕಳೆದುಕೊಳ್ಳುತ್ತದೆ. “ಹನ್ನೆರಡು ವರ್ಷದ ಹುಡುಗರು” ಎಂದು ನಾವೂ ‘ವರ್ಷ’ವನ್ನು ಏಕವಚನದಲ್ಲೇ ಹೇಳುತ್ತೇವೆ, ಎರಡು ಭಾಷೆಗಳೂ ಒಪ್ಪಿಕೊಂಡ ಅಪರೂಪದ ಜಾಗ ಇದು.

ಒಂದು ಉದ್ದನೆಯ ವಾಕ್ಯ

ಕಲಿತದ್ದನ್ನೆಲ್ಲ ಒಂದೇ ಕಡೆ ಬಳಸಿ ನೋಡೋಣ. “ನಿನ್ನೆಯ ಮಳೆಗೆ ಹುಣಸೆಮರದಿಂದ ಬಿದ್ದ ಕೊಂಬೆಗಳನ್ನು ಊರಿನವರು ಇಂದು ಬೆಳಿಗ್ಗೆ ಎತ್ತಿನಗಾಡಿಯಲ್ಲಿ ಸಾಗಿಸಿದರು.” ಮೊದಲು ಯಾವುದು ಯಾರ ಸ್ವತ್ತು ಎಂದು ವಿಂಗಡಿಸಬೇಕು. ‘ಮಳೆಗೆ ಹುಣಸೆಮರದಿಂದ ಬಿದ್ದ’ ಎಂಬುದು ಕೊಂಬೆಗಳಿಗೆ ಕೈಚಾಚುತ್ತದೆ, ಆದ್ದರಿಂದ ‘ಬ್ರಾಂಚಸ್’ ಬಳಿಕ ಅದು ಬರಬೇಕು. ‘ಇಂದು ಬೆಳಿಗ್ಗೆ’ ಮತ್ತು ‘ಎತ್ತಿನಗಾಡಿಯಲ್ಲಿ’ ಎಂಬವು ಸಾಗಿಸಿದ ಕೆಲಸಕ್ಕೆ ಸೇರಿವೆ.

ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ ಹೀಗಾಗುತ್ತದೆ: “ದಿ ವಿಲೇಜರ್ಸ್ ಟುಕ್ ಅವೇ ದಿ ಬ್ರಾಂಚಸ್ ದಟ್ ಫೆಲ್ ಫ್ರಮ್ ದಿ ಟ್ಯಾಮರಿಂಡ್ ಟ್ರೀ ಇನ್ ಯೆಸ್ಟರ್‌ಡೇಸ್ ರೇನ್ ಇನ್ ಎ ಬುಲಕ್ ಕಾರ್ಟ್ ದಿಸ್ ಮಾರ್ನಿಂಗ್.” ವ್ಯಾಕರಣ ತಪ್ಪಿಲ್ಲ, ಆದರೆ ಬಹುವಚನದ ಬಳಿಕ ನಾಲ್ಕು ಪದಪುಂಜಗಳು ಸಾಲಾಗಿ ನಿಂತಿವೆ; ‘ರೇನ್’ ಪಕ್ಕದಲ್ಲೇ ‘ಇನ್ ಎ ಬುಲಕ್ ಕಾರ್ಟ್’ ಬಂದು, ಗಾಡಿ ಕೊಂಬೆಗಳನ್ನು ಬಿಟ್ಟು ಮಳೆಯ ಬಳಿ ಹೋಗಿ ನಿಂತಿದೆ. ಕಾಲವನ್ನು ವಾಕ್ಯದ ತಲೆಗೆ ತಂದು, ಗಾಡಿಯನ್ನು ಕ್ರಿಯಾಪದದ ಹತ್ತಿರಕ್ಕೆ ಎಳೆದು, ಕೊಂಬೆಗಳಿಗೆ ಸೇರಿದ್ದನ್ನು ಮಾತ್ರ ಅವುಗಳ ಬಳಿಕ ಉಳಿಸಿದರೆ ವಾಕ್ಯ ನೆಟ್ಟಗಾಗುತ್ತದೆ: “ದಿಸ್ ಮಾರ್ನಿಂಗ್ ದಿ ವಿಲೇಜರ್ಸ್ ಯೂಸ್ಡ್ ಎ ಬುಲಕ್ ಕಾರ್ಟ್ ಟು ಟೇಕ್ ಅವೇ ದಿ ಬ್ರಾಂಚಸ್ ದಟ್ ಫೆಲ್ ಫ್ರಮ್ ದಿ ಟ್ಯಾಮರಿಂಡ್ ಟ್ರೀ ಇನ್ ಯೆಸ್ಟರ್‌ಡೇಸ್ ರೇನ್.”